ಲೈಟ್ ಬರ್ತದೆ, ಸ್ವರ ಹೋಗುದಿಲ್ಲ: ಮಲ್ಪೆಯ ಒಂದು ಕೈ ವೈರ್‌ಲೆಸ್‌ನ ಒಳಗಿನ ಕನೆಕ್ಟರ್ ಪ್ರಕರಣ

ಈ ಸೆಟ್ ರಿಪೇರಿಗೆ ಬಂದದ್ದು ಆಗಸ್ಟ್ ಆರಂಭದಲ್ಲಿ, ಮೀನುಗಾರಿಕೆ ನಿಷೇಧ ಮುಗಿದ ಬೆನ್ನಿಗೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಅಷ್ಟೂ ದಿನ ಬೋಟಿನ ಸಾಮಾನೆಲ್ಲ ಮಳೆಗಾಲದ ತೇವದಲ್ಲಿ ಮೂಲೆ ಸೇರಿರುತ್ತದೆ. ಆಳಸಮುದ್ರ ಬೋಟೊಂದರ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ತಂದುಕೊಟ್ಟ ಈ ಕೈ ವೈರ್‌ಲೆಸ್ ಕೂಡ ಹಾಗೆಯೇ ಇತ್ತಂತೆ. ಹೊರಡುವ ಮುಂಚೆ ಪಕ್ಕದ ಬೋಟಿನವರ ಜೊತೆ ಮಾತಾಡಿ ನೋಡಿದಾಗ ತೊಂದರೆ ಗೊತ್ತಾಗಿದೆ.

"ಲೈಟ್ ಬರ್ತದೆ ಮಾರಾಯ್ರೆ, ಸ್ವರ ಮಾತ್ರ ಹೋಗುದಿಲ್ಲ. ಬರೀ ಕರಕರ ಅಂತದೆ ಅಂತ ಅವರು ಹೇಳ್ತಾರೆ. ಇಲ್ಲಿ ಹೀಗೆ ಒತ್ತಿ ಹಿಡಿದ್ರೆ ಸರಿ ಆಗ್ತದೆ" ಎಂದು ಸೆಟ್ಟಿನ ಮುಂಭಾಗದ ಕೆಳಗಿನ ಎಡಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು.

ಇಷ್ಟು ಸ್ಪಷ್ಟವಾದ ದೂರು ಬರುವುದು ಅಪರೂಪ. ಹೆಚ್ಚಿನವರು "ಸೆಟ್ ಹಾಳಾಗಿದೆ" ಎಂದಷ್ಟೇ ಹೇಳಿ ಹೋಗುತ್ತಾರೆ. ಸಿಗ್ನಲ್ ಹೋಗುತ್ತಿದೆ, ಮಾತು ಹೋಗುತ್ತಿಲ್ಲ, ಒಂದು ಜಾಗ ಒತ್ತಿದರೆ ಹೋಗುತ್ತದೆ: ಈ ಮೂರು ಸಂಗತಿ ಸೇರಿದರೆ ಸಂಶಯ ಮೊದಲು ಹೋಗಬೇಕಾದದ್ದು ಒಳಗಿನ ಕನೆಕ್ಟರುಗಳ ಮೇಲೆ. ಯಾವ ಕನೆಕ್ಟರ್, ಅದರ ಯಾವ ಪಿನ್, ಆ ಪಿನ್ನೇ ಯಾಕೆ ಎಂಬುದನ್ನು ಹುಡುಕಿದ ಬಗೆಯನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ‘ಬಿಚ್ಚಿ, ಕ್ಲೀನ್ ಮಾಡಿ, ಮತ್ತೆ ಸಿಕ್ಕಿಸಿ’ ಎಂಬ ಸಾಮಾನ್ಯ ರಿಪೇರಿಯಿಂದ ಈ ಸೆಟ್ ಕೂಡ ಆ ದಿನದ ಮಟ್ಟಿಗೆ ಸರಿಹೋಗುತ್ತಿತ್ತು. ದಡದಿಂದ ದೂರ ಹತ್ತಾರು ದಿನ ಇರುವವರ ಕೈಗೆ ಅಂಥ ರಿಪೇರಿ ಮಾಡಿ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸೆಟ್ಟಿನ ಒಳರಚನೆ

ಇದು ಸಾಗರ ಬ್ಯಾಂಡಿನ, ಅಂದರೆ ಹಡಗು-ಬೋಟುಗಳ ಸಂಪರ್ಕಕ್ಕೆ ಮೀಸಲಾದ ರೇಡಿಯೊ ಆವರ್ತನಗಳ, ವಿಎಚ್‌ಎಫ್ ಸೆಟ್. ಅಪಾಯದ ಕರೆಗೆ ಮೀಸಲಾದ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಜ್, ಇದರಲ್ಲೇ ಇದೆ. ಪ್ರಸಾರ ಶಕ್ತಿ 5 ವಾಟ್, ಬೇಕಾದರೆ 1 ವಾಟ್‌ಗೆ ಇಳಿಸಬಹುದು. ಬ್ಯಾಟರಿ 7.4 ವೋಲ್ಟಿನ ಲಿಥಿಯಂ ಅಯಾನ್. ನೀರಿನ ರಕ್ಷಣೆ ಐಪಿಎಕ್ಸ್7 ದರ್ಜೆಯದು, ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿದರೂ ನೀರು ಒಳಹೋಗಬಾರದು. ಆದರೆ ಈ ಮಾತು ಕಾರ್ಖಾನೆಯಲ್ಲಿ ಮುಚ್ಚಿದ ಸೆಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಈ ಸೆಟ್ಟಿನ ಸ್ಕ್ರೂ ತಲೆಗಳು ಸವೆದಿದ್ದವು. ಹಿಂದೆ ಯಾರೋ ಒಮ್ಮೆ ಬಿಚ್ಚಿದ್ದು ಹೊರಗಿನಿಂದಲೇ ಕಾಣುತ್ತಿತ್ತು.

ಒಳಗೆ ಎರಡು ಬೋರ್ಡ್. ಹಿಂದಿನದು ಮುಖ್ಯ ಬೋರ್ಡ್: ರೇಡಿಯೊ ಭಾಗ, ಪವರ್ ಆಂಪ್ಲಿಫೈಯರ್, ಪ್ರೊಸೆಸರ್ ಎಲ್ಲ ಅದರಲ್ಲಿ. ಅದು ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಕ್ರೂಗಳಿಂದ ಬಿಗಿದು ಕೂತಿರುತ್ತದೆ. ಪವರ್ ಆಂಪ್ಲಿಫೈಯರಿನ ಬಿಸಿಯನ್ನು ಹೊರಹಾಕುವುದೂ ಆ ಚೌಕಟ್ಟೇ. ಮುಂದಿನದು ಚಿಕ್ಕ ಬೋರ್ಡ್: ಡಿಸ್‌ಪ್ಲೇ, ಅದರ ಹಿಂಬೆಳಕು, ಕೀಗಳು, ಮೈಕ್. ಈ ಎರಡರ ನಡುವೆ 20 ಎಳೆಗಳ ಚಪ್ಪಟೆ ಫ್ಲೆಕ್ಸ್ ಕೇಬಲ್. ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇದನ್ನು ಸ್ಟ್ರಿಪ್ ಎನ್ನುತ್ತಾರೆ. ಎಳೆಯಿಂದ ಎಳೆಗೆ ಅಂತರ 0.5 ಮಿ.ಮೀ., ಇಡೀ ಸ್ಟ್ರಿಪ್ಪಿನ ಅಗಲ 10.5 ಮಿ.ಮೀ. ಎರಡೂ ತುದಿ ಜಿಫ್ ಕನೆಕ್ಟರಿಗೆ ಹೋಗುತ್ತವೆ.

ಜಿಫ್ ಕನೆಕ್ಟರಿನಲ್ಲಿ ಸ್ಟ್ರಿಪ್ಪನ್ನು ತಳ್ಳಿ ತುರುಕುವುದಿಲ್ಲ. ಲಾಕ್ ತೆರೆದಿರುವಾಗ ಅದು ಸಲೀಸಾಗಿ ಒಳಗೆ ಜಾರುತ್ತದೆ. ಆಮೇಲೆ ಲಾಕ್ ಪಟ್ಟಿ ಮುಚ್ಚಿದಾಗ ಆ ಪಟ್ಟಿಯ ಅಂಚು ಸ್ಟ್ರಿಪ್ಪನ್ನು ಒಳಗಿನ ಸ್ಪ್ರಿಂಗ್ ಕಾಲುಗಳ ಮೇಲೆ ಒತ್ತಿ ಹಿಡಿಯುತ್ತದೆ. ವಿದ್ಯುತ್ ಸಂಪರ್ಕಕ್ಕೆ ಬೇಕಾದ ಒತ್ತಡವೆಲ್ಲ ಬರುವುದು ಆ ಪಟ್ಟಿಯಿಂದಲೇ. ಪಟ್ಟಿ ಅರ್ಧ ಮುಚ್ಚಿದ್ದರೆ, ಅಥವಾ ಒಂದು ತುದಿ ಮೇಲೆದ್ದಿದ್ದರೆ, ಸ್ಟ್ರಿಪ್ ಸರಿಯಾಗಿ ಕೂತಂತೆ ಕಂಡರೂ ಆ ತುದಿಯ ಪಿನ್ನುಗಳ ಮೇಲೆ ಒತ್ತಡವೇ ಇರುವುದಿಲ್ಲ.

ಇದಲ್ಲದೆ ಸೆಟ್ಟಿನಲ್ಲಿ ಬ್ಯಾಟರಿಯ ಎಲೆ ಸ್ಪ್ರಿಂಗುಗಳು, ಆಂಟೆನಾ ಸಾಕೆಟ್, ಸ್ಪೀಕರಿನ ಎರಡು ಪಿನ್ನಿನ ಪುಟ್ಟ ಪ್ಲಗ್, ಹೊರಗಿನ ಮೈಕ್ ಸಿಕ್ಕಿಸುವ ಜ್ಯಾಕ್ ಇವೆ. ದೂರಿಗೆ ಸಂಬಂಧಿಸಿದಂತೆ ಇವುಗಳಲ್ಲಿ ಜ್ಯಾಕ್ ಒಂದೇ ಮುಖ್ಯವಾಯಿತು.

ಬಿಚ್ಚುವ ಮುಂಚೆ

ಸೆಟ್ ಬಿಚ್ಚಿದೊಡನೆ ಸ್ಟ್ರಿಪ್ ಅಲುಗುತ್ತದೆ, ಅಲುಗಿದೊಡನೆ ದೋಷ ಮಾಯವಾಗಬಹುದು. ಹಾಗಾಗಿ ಹೊರಗಿನಿಂದ ತಿಳಿಯಬಹುದಾದ್ದನ್ನೆಲ್ಲ ಮೊದಲು ತಿಳಿದುಕೊಳ್ಳುವುದು ಒಳ್ಳೆಯದು.

ಆಂಟೆನಾ ಜಾಗದಲ್ಲಿ ಪ್ರಸಾರವನ್ನು ಗಾಳಿಗೆ ಬಿಡದೆ ತಾನೇ ಹೀರಿಕೊಳ್ಳುವ 50 ಓಮಿನ ಡಮ್ಮಿ ಲೋಡ್ ಮತ್ತು ವಾಟ್‌ಮೀಟರ್ ಹಾಕಿದೆ. ಶಕ್ತಿ 5 ವಾಟಿನ ಹತ್ತಿರವೇ ಇತ್ತು, ಆವರ್ತನವೂ ಸರಿಯಿತ್ತು. ಪ್ರಸಾರದ ಹೊತ್ತಿನಲ್ಲಿ ಬ್ಯಾಟರಿ ಸೂಚಕ ಕುಸಿಯಲಿಲ್ಲ. 5 ವಾಟ್ ಹೊರಬರುವಾಗ ಇಂಥ ಸೆಟ್ ಒಂದೂವರೆ ಆಂಪಿಯರ್ ಆಸುಪಾಸು ಎಳೆಯುತ್ತದೆ. ಬ್ಯಾಟರಿ ಸ್ಪ್ರಿಂಗಿನಲ್ಲಿ 0.1 ಓಮ್ ಪ್ರತಿರೋಧ ಸೇರಿದರೂ ಅಲ್ಲೇ 0.15 ವೋಲ್ಟ್ ಹೋಗಿ ಸ್ಪ್ರಿಂಗ್ ಬಿಸಿಯಾಗಬೇಕು. ಅಂಥದ್ದೇನೂ ಇರಲಿಲ್ಲ.

ಪ್ರಸಾರ ಪರೀಕ್ಷಿಸುವ ಮಾನಿಟರಿನಲ್ಲಿ ಡೀವಿಯೇಷನ್, ಅಂದರೆ ಮಾತಿಗೆ ತಕ್ಕಂತೆ ಆವರ್ತನ ಎಷ್ಟು ಆಚೀಚೆ ಸರಿಯುತ್ತದೆ ಎಂಬುದನ್ನು, ನೋಡಿದೆ. ಸಾಗರ ವಿಎಚ್‌ಎಫ್‌ನಲ್ಲಿ ಮಾತಿನ ಗರಿಷ್ಠ ಡೀವಿಯೇಷನ್ ±5 ಕಿಲೋಹರ್ಟ್ಜ್. ಇಲ್ಲಿ ಮಾತಾಡಿದರೆ ಮುಳ್ಳು ಕೆಲವೊಮ್ಮೆ ಅಲುಗುತ್ತಿರಲಿಲ್ಲ, ಕೆಲವೊಮ್ಮೆ ಮಾತಾಡದೆಯೇ ಮಿತಿಯವರೆಗೆ ಹಾರುತ್ತಿತ್ತು. ಕಿವಿಗೆ ಕೇಳುತ್ತಿದ್ದದ್ದು ತಾಂಡೇಲರು ಹೇಳಿದ ಅದೇ ಕರಕರ.

ಆಮೇಲೆ ಹೊರಗಿನ ಸ್ಪೀಕರ್ ಮೈಕನ್ನು ಜ್ಯಾಕಿಗೆ ಸಿಕ್ಕಿಸಿದೆ. ಮಾತು ಸ್ವಚ್ಛವಾಗಿ ಹೋಯಿತು, ಡೀವಿಯೇಷನ್ ಹದವಾಗಿತ್ತು. ಜ್ಯಾಕ್ ಇರುವುದು ಮುಖ್ಯ ಬೋರ್ಡಿನಲ್ಲಿ. ಅದರ ಮೂಲಕ ಬರುವ ಧ್ವನಿ ಸ್ಟ್ರಿಪ್ಪನ್ನು ದಾಟುವುದೇ ಇಲ್ಲ. ಈ ಒಂದು ಪ್ರಯೋಗದಿಂದ ಧ್ವನಿ ಆಂಪ್ಲಿಫೈಯರ್, ಮಾಡ್ಯುಲೇಟರ್, ಪ್ರಸಾರ ಭಾಗ ಎಲ್ಲವೂ ಸಂಶಯದಿಂದ ಹೊರಬಂದವು. ಉಳಿದದ್ದು ಒಳಗಿನ ಮೈಕ್ ಮತ್ತು ಅದು ಮುಖ್ಯ ಬೋರ್ಡಿಗೆ ಬರುವ ದಾರಿ.

ಮೈಕ್ ಕೆಟ್ಟಿದೆಯೋ ದಾರಿ ಕೆಟ್ಟಿದೆಯೋ ಎಂಬುದನ್ನು ತಿಳಿಸಿದ್ದು ಹಿಂಬೆಳಕು. ಮೆನುವಿನಲ್ಲಿ ಡಿಸ್‌ಪ್ಲೇ ಬೆಳಕು ಆರಿಸಿದಾಗ ಕರಕರ ಎದ್ದು ಕಾಣುವಷ್ಟು ಕಡಿಮೆಯಾಯಿತು. ಹಾಕಿದಾಗ ಮತ್ತೆ ಜೋರಾಯಿತು. ಮೈಕಿಗೂ ಹಿಂಬೆಳಕಿಗೂ ನೇರ ಸಂಬಂಧ ಏನೂ ಇಲ್ಲ, ಒಂದನ್ನು ಬಿಟ್ಟರೆ: ಇಬ್ಬರ ಕರೆಂಟೂ ವಾಪಸಾಗುವುದು ಸ್ಟ್ರಿಪ್ಪಿನ ಒಂದೇ ಗ್ರೌಂಡ್ ದಾರಿಯಲ್ಲಿ.

ಲೆಕ್ಕ ಹಾಕಿದರೆ ಕಾಣುವುದು

ಈ ಲೆಕ್ಕ ಚಿಕ್ಕದು, ಆದರೆ ಇಡೀ ಪ್ರಕರಣದ ತಿರುಳು ಇದರಲ್ಲಿದೆ. ಇಂಥ ಸೆಟ್ಟುಗಳಲ್ಲಿರುವ ಪುಟ್ಟ ಎಲೆಕ್ಟ್ರೆಟ್ ಮೈಕಿನ ಮುಂದೆ ಹತ್ತಿರದಿಂದ ಮಾತಾಡಿದರೆ ಹೊರಬರುವ ವೋಲ್ಟೇಜ್ ಸುಮಾರು 8 ಮಿಲಿವೋಲ್ಟ್. ಮುಂದಿನ ಬೋರ್ಡ್ ಹಿಂಬೆಳಕು ಸೇರಿ 25 ಮಿಲಿಆಂಪಿಯರಿನಷ್ಟು ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಗ್ರೌಂಡ್ ಪಿನ್ನಿನ ಸಂಪರ್ಕ 1 ಓಮಿನಷ್ಟು ಹೆಚ್ಚುಕಡಿಮೆಯಾದರೆ ಅಲ್ಲಿ ಹುಟ್ಟುವ ಏರಿಳಿತ 25 ಮಿಲಿವೋಲ್ಟ್. ಮಾತಿನ ಮೂರು ಪಟ್ಟು! ಮೈಕಿನ ಧ್ವನಿಯನ್ನು ಮುಖ್ಯ ಬೋರ್ಡ್ ಅಳೆಯುವುದು ಗ್ರೌಂಡನ್ನು ಆಧಾರವಾಗಿಟ್ಟುಕೊಂಡು. ಆಧಾರವೇ ಅಲುಗಾಡಿದರೆ ಆ ಅಲುಗಾಟವೂ ಧ್ವನಿಯೆಂದೇ ಒಳಹೋಗುತ್ತದೆ.

ಅದೇ 1 ಓಮ್, ಹೋಗಲಿ 5 ಓಮ್ ಆದರೂ, ಕೀಗಳಿಗೂ ಡಿಸ್‌ಪ್ಲೇಗೂ ಲೆಕ್ಕಕ್ಕಿಲ್ಲ. ಅವು 3.3 ವೋಲ್ಟಿನಲ್ಲಿ ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ನೋಡುತ್ತವೆ. 5 ಓಮಿನಿಂದ ಕಳೆದುಹೋಗುವ 0.125 ವೋಲ್ಟ್ ಅವುಗಳಿಗೆ ತಿಳಿಯುವುದೇ ಇಲ್ಲ. ಒಂದೇ ಕನೆಕ್ಟರಿನ ಒಂದೇ ದೋಷ ಚಾನೆಲ್ ಬದಲಿಸುವ ಕೀಯನ್ನು ಮುಟ್ಟದೆ ಮಾತನ್ನು ಮಾತ್ರ ನುಂಗಿಹಾಕುವುದು ಹೀಗೆ. "ಬೇರೆಲ್ಲ ಸರಿ ಉಂಟು, ಹಾಗಾಗಿ ಕನೆಕ್ಟರ್ ಸರಿ ಇದ್ದೀತು" ಎಂಬ ತರ್ಕ ಇಲ್ಲಿ ನಡೆಯುವುದಿಲ್ಲ. ಯಾವ ಪಿನ್ ಏನನ್ನು ಹೊರುತ್ತದೆ, ಎಷ್ಟು ಮಿಲಿವೋಲ್ಟ್ ಹೊರುತ್ತದೆ ಎಂದು ಕೇಳಬೇಕು.

1 ವಾಟಿನಲ್ಲಿ ಕರಕರ ಕಡಿಮೆ, 5 ವಾಟಿನಲ್ಲಿ ಹೆಚ್ಚು ಎಂಬುದೂ ಕಂಡಿತು. ಮೈಕಿನ ಪಕ್ಕದಲ್ಲಿ ಪುಟ್ಟ ಕೆಪಾಸಿಟರುಗಳು ಇರುತ್ತವೆ. ಸೆಟ್ಟಿನದೇ ಪ್ರಸಾರದ ಅಲೆ ಮೈಕಿಗೆ ನುಗ್ಗದಂತೆ ಅದನ್ನು ಗ್ರೌಂಡಿಗೆ ತಿರುಗಿಸುವುದು ಅವುಗಳ ಕೆಲಸ. ಗ್ರೌಂಡೇ ಸಡಿಲವಾದಾಗ ತಿರುಗಿಸುವುದೆಲ್ಲಿಗೆ? ಅಲೆ ಮೈಕಿನೊಳಗಿನ ಟ್ರಾನ್ಸಿಸ್ಟರಿಗೆ ಹೊಕ್ಕು ಅದರ ಡಿಸಿ ಮಟ್ಟವನ್ನು ಸರಿಸುತ್ತದೆ. ಎಫ್‌ಎಂ ಅಲೆಯ ಎತ್ತರ ಸ್ಥಿರವಾದ್ದರಿಂದ ಬರೀ ಇಷ್ಟಕ್ಕೆ ಸದ್ದು ಬರಬೇಕಿಲ್ಲ. ಆದರೆ ಸಂಪರ್ಕ ಕ್ಷಣಕ್ಷಣಕ್ಕೂ ಬದಲಾಗುವಾಗ ಆ ಸರಿಯುವಿಕೆಯೂ ಬದಲಾಗಿ ಕರಕರಕ್ಕೆ ಸೇರಿಕೊಳ್ಳುತ್ತದೆ.

ಬಿಚ್ಚಿದಾಗ

ಮುಖ್ಯ ಬೋರ್ಡಿನ ಕನೆಕ್ಟರನ್ನು ಮೈಕ್ರೋಸ್ಕೋಪಿನ ಕೆಳಗೆ ಮುಟ್ಟದೆ ನೋಡಿದೆ. ಲಾಕ್ ಪಟ್ಟಿಯ ಬಲಗಡೆ ನೆಟ್ಟಗೆ ಮುಚ್ಚಿತ್ತು. ಎಡಗಡೆ, ತಾಂಡೇಲರ ಹೆಬ್ಬೆರಳು ಬೀಳುತ್ತಿದ್ದ ಜಾಗದ ನೇರ ಹಿಂದೆ, ಕೂದಲೆಳೆಯಷ್ಟು ಮೇಲೆದ್ದಿತ್ತು. ಪಟ್ಟಿಯನ್ನು ಕನೆಕ್ಟರಿಗೆ ಹಿಡಿದಿಡುವ ಎಡಬದಿಯ ಪುಟ್ಟ ಚಾಚು, ಅಂದರೆ ಎಡಕಿವಿ, ಮುರಿದಿತ್ತು. ಆ ತುದಿಯಲ್ಲೇ 18ನೇ ಪಿನ್ ಮೈಕಿನದು, 19 ಮತ್ತು 20 ಗ್ರೌಂಡ್.

ಕಿವಿ ಮುರಿಯುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ. ಜಿಫ್ ಲಾಕುಗಳಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. ಒಂದರಲ್ಲಿ ಪಟ್ಟಿಯನ್ನು ಎರಡೂ ಬದಿಯಿಂದ ಹಿಡಿದು ಮುಂದಕ್ಕೆ ಎಳೆಯಬೇಕು. ಇನ್ನೊಂದರಲ್ಲಿ ಉಗುರಿನಿಂದ ಮೇಲಕ್ಕೆ ಮಗುಚಬೇಕು. ನೋಡಲು ಎರಡೂ ಒಂದೇ ಥರ. ಈ ಸೆಟ್ಟಿನದು ಮಗುಚುವ ಬಗೆ. ಹಿಂದೆ ಬಿಚ್ಚಿದವರು ಅದನ್ನು ಎಳೆದಿದ್ದಾರೆ. ಕನೆಕ್ಟರಿನ ಮೇಲೆ ಅಂಟಿನ ಗುರುತು ಮಾತ್ರ ಉಳಿದಿತ್ತು. ಅಲ್ಲಿ ಒಂದು ಫೋಮ್ ತುಂಡು ಇರಬೇಕಿತ್ತು. ಮುಚ್ಚಿದಾಗ ಮುಂದಿನ ಕವಚ ಆ ಫೋಮಿನ ಮೂಲಕ ಲಾಕನ್ನು ಅದುಮಿ ಹಿಡಿಯಲಿ ಎಂದು ತಯಾರಕರು ಇಟ್ಟ ವ್ಯವಸ್ಥೆ ಅದು. ಜೊತೆಗೆ ಎರಡು ಕವಚಗಳ ನಡುವಿನ ರಬ್ಬರ್ ಗ್ಯಾಸ್ಕೆಟ್ ಒಂದು ಕಡೆ ತೋಡಿನಿಂದ ಹೊರಬಂದು ಚಪ್ಪಟೆಯಾಗಿತ್ತು. ನೀರು ಮುಂಚೆಯೇ ನುಗ್ಗಿದ್ದರೆ ಬೋರ್ಡೇ ಹೋಗುತ್ತಿತ್ತು. ಇಲ್ಲಿ ಉಪ್ಪು ತುಂಬಿದ ತೇವದ ಗಾಳಿಯಷ್ಟೇ ಸದ್ದಿಲ್ಲದೆ ಒಳಬಂದಿದೆ.

ಸ್ಟ್ರಿಪ್ ಹೊರತೆಗೆದು ತುದಿಯನ್ನು ನೋಡಿದೆ. ಬಲಗಡೆಯ ಬೆರಳುಗಳ, ಅಂದರೆ ಎಳೆಗಳ ತೆರೆದ ತುದಿಗಳ, ಮೇಲೆ ಸ್ಪ್ರಿಂಗ್ ಕಾಲು ಕೂತ ಜಾಗದಲ್ಲಿ ಒಂದೊಂದು ಹೊಳೆಯುವ ಚುಕ್ಕೆ. ಒತ್ತಡ ಸರಿಯಿದ್ದ ಗುರುತು ಅದು. ಎಡತುದಿಯ ಮೂರರ ಮೇಲೆ ಹೊಳಪಿನ ಬದಲು ಕಂದುಗಪ್ಪು ಕಲೆಗಳು, ಉದ್ದಕ್ಕೆ ಉಜ್ಜಿದ ಸಣ್ಣ ಗೀರುಗಳು, ಅಂಚಿನಲ್ಲಿ ಬಿಳಿಯ ಪುಡಿ.

ಆ ಕಪ್ಪು ಕಲೆ ಹುಟ್ಟುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಎರಡು ಲೋಹಗಳು ಮುಟ್ಟಿಕೊಂಡಾಗ ಇಡೀ ಮೇಲ್ಮೈ ಮುಟ್ಟುವುದಿಲ್ಲ. ಒಂದು ಮುರಕಲ್ಲಿನ ಮೇಲೆ ಇನ್ನೊಂದನ್ನು ಇಟ್ಟರೆ ಉಬ್ಬಿದ ನಾಲ್ಕಾರು ಜಾಗ ಮಾತ್ರ ತಾಗುವುದಿಲ್ಲವೇ, ಹಾಗೆ. ಕರೆಂಟ್ ಹರಿಯುವುದು ಆ ಚುಕ್ಕೆಗಳಲ್ಲೇ. ಸಂಪರ್ಕಗಳ ಬಗ್ಗೆ ಆಳವಾಗಿ ಕೆಲಸ ಮಾಡಿದ ರಾಗ್ನರ್ ಹೋಲ್ಮ್ ಅವರ ಸೂತ್ರದ ಪ್ರಕಾರ ಒಂದು ಚುಕ್ಕೆಯ ಪ್ರತಿರೋಧವೆಂದರೆ ಲೋಹದ ವಿಶಿಷ್ಟ ಪ್ರತಿರೋಧವನ್ನು ಚುಕ್ಕೆಯ ವ್ಯಾಸದಿಂದ ಭಾಗಿಸಿದಷ್ಟು. ಈ ಸ್ಟ್ರಿಪ್ಪಿನ ಲೇಪ ತವರದ್ದು; ತವರದ ಮೇಲೆ 5 ಮೈಕ್ರಾನ್ ತ್ರಿಜ್ಯದ ಚುಕ್ಕೆಗೆ ಇದು ಸುಮಾರು 11 ಮಿಲಿಓಮ್. ಒತ್ತಡ ಕಡಿಮೆಯಾಗಿ ಚುಕ್ಕೆ ಹತ್ತರಲ್ಲೊಂದು ಪಾಲಾದರೆ 110 ಮಿಲಿಓಮ್. ಇದಿಷ್ಟರಿಂದಲೇ ಓಮುಗಟ್ಟಲೆ ಪ್ರತಿರೋಧ ಬರುವುದಿಲ್ಲ. ಉಳಿದದ್ದನ್ನು ತವರದ ಆಕ್ಸೈಡ್ ಮಾಡುತ್ತದೆ.

ತವರದ ಮೈಮೇಲೆ ಯಾವಾಗಲೂ ತೆಳುವಾದ, ಗಟ್ಟಿಯಾದ ಆಕ್ಸೈಡ್ ಪೊರೆ ಇರುತ್ತದೆ. ಒತ್ತಡ ಸಾಕಷ್ಟಿದ್ದರೆ ಆ ಪೊರೆ ಒಡೆದು ಒಳಗಿನ ಮೆತ್ತನೆಯ ಲೋಹ ತಾಗುತ್ತದೆ, ಆಮೇಲೆ ಅಲುಗುವುದಿಲ್ಲ. ಒತ್ತಡ ಇಲ್ಲದಿದ್ದರೆ ಬೋಟಿನ ಡೀಸೆಲ್ ಎಂಜಿನ್ನಿನ ನಡುಕಕ್ಕೆ, ಬಿಸಿಲು-ತಂಪಿನ ಹಿಗ್ಗುವಿಕೆ-ಕುಗ್ಗುವಿಕೆಗೆ ಸಂಪರ್ಕ ಕೆಲವೇ ಮೈಕ್ರಾನ್‌ಗಳಷ್ಟು ಹಿಂದೆಮುಂದೆ ಜಾರುತ್ತದೆ. ಪ್ರತಿ ಜಾರುವಿಕೆಗೂ ಹೊಸ ತವರ ಗಾಳಿಗೆ ತೆರೆದುಕೊಳ್ಳುತ್ತದೆ, ಆಕ್ಸೈಡ್ ಆಗುತ್ತದೆ, ಪುಡಿಯಾಗಿ ಅಲ್ಲೇ ಗುಡ್ಡೆಯಾಗುತ್ತದೆ. ಎಂಜಿನಿಯರುಗಳು ಇದನ್ನು ಫ್ರೆಟಿಂಗ್ ಕೊರೋಷನ್ ಎನ್ನುತ್ತಾರೆ. ತವರದ ಸಂಪರ್ಕಕ್ಕೆ ಪಿನ್ನಿಗೆ ಕನಿಷ್ಠ 100 ಗ್ರಾಂ ಒತ್ತಡ ಬೇಕು, ಬಂಗಾರಕ್ಕೆ ಅದರ ಅರ್ಧ ಸಾಕು ಎಂಬ ಹಳೆಯ ವಿನ್ಯಾಸ ರೂಢಿ ಬಂದಿರುವುದು ಈ ಕಾರಣಕ್ಕೆ. ಬಂಗಾರ ಆಕ್ಸೈಡ್ ಕಟ್ಟುವುದಿಲ್ಲ. ಈ ಸೆಟ್ಟಿನ ಸ್ಟ್ರಿಪ್ಪಿಗೆ ತವರದ ಲೇಪ, ಎಡತುದಿಯಲ್ಲಿ ಒತ್ತಡ ಹೆಚ್ಚುಕಡಿಮೆ ಸೊನ್ನೆ, ಮೇಲೆ ಉಪ್ಪಿನ ತೇವ.

ಬೀಪ್ ಅನ್ನುವ ಮೀಟರಿನ ಬಗ್ಗೆ

ಸ್ಟ್ರಿಪ್ಪನ್ನು ಮತ್ತೆ ಅದೇ ಸ್ಥಿತಿಯಲ್ಲಿ ಸಿಕ್ಕಿಸಿ ಎಳೆ ಎಳೆಯಾಗಿ ಅಳೆದೆ. ಸಾಮಾನ್ಯ ಮಲ್ಟಿಮೀಟರಿನ ಕಂಟಿನ್ಯುಟಿ ಬೀಪ್, ಅಂದರೆ ಸಂಪರ್ಕ ಇದೆ ಎಂದು ಹೇಳುವ ಸದ್ದು, ಇಪ್ಪತ್ತೂ ಪಿನ್ನಿಗೆ ಬಂತು. ಹೆಚ್ಚಿನ ಮೀಟರುಗಳು 30-50 ಓಮಿನವರೆಗೂ ಬೀಪ್ ಅನ್ನುತ್ತವೆ. 1 ಓಮಿನ ದೋಷ ಹುಡುಕುವವರಿಗೆ ಆ ಬೀಪ್ ಏನನ್ನೂ ಹೇಳುವುದಿಲ್ಲ. ಇನ್ನೂ ಒಂದು ತೊಡಕಿದೆ. ಮೀಟರ್ ತಾನೇ ಒಂದೆರಡು ವೋಲ್ಟ್ ಹಾಕುತ್ತದೆ, ಆ ವೋಲ್ಟೇಜಿಗೆ ಆಕ್ಸೈಡ್ ಪೊರೆ ತಾತ್ಕಾಲಿಕವಾಗಿ ತೂತಾಗಿ ಸಂಪರ್ಕ ಚೆನ್ನಾಗಿದ್ದಂತೆ ಕಾಣುತ್ತದೆ. ಇದಕ್ಕಾಗಿಯೇ ಇಐಎ-364-23 ಎಂಬ ಪರೀಕ್ಷಾ ಮಾನದಂಡದಲ್ಲಿ ಸಂಪರ್ಕವನ್ನು ಅಳೆಯುವಾಗ ವೋಲ್ಟೇಜ್ 20 ಮಿಲಿವೋಲ್ಟನ್ನೂ ಕರೆಂಟ್ 100 ಮಿಲಿಆಂಪಿಯರನ್ನೂ ಮೀರಬಾರದು ಎಂದಿದೆ.

ತೀರ ಸಣ್ಣ ಪ್ರತಿರೋಧವನ್ನೂ ಅಳೆಯಬಲ್ಲ ನಾಲ್ಕು ತಂತಿಯ ಮಿಲಿಓಮ್ ಮೀಟರಿನಲ್ಲಿ ಅಳೆದಾಗ ಚಿತ್ರ ಬೇರೆಯಾಯಿತು. ಬಲಗಡೆಯ ಎಳೆಗಳು ಸ್ಟ್ರಿಪ್ಪಿನ ತಾಮ್ರವೂ ಸೇರಿ 0.1ರಿಂದ 0.15 ಓಮ್ ತೋರಿಸಿದವು, 5 ಸೆಂ.ಮೀ. ಉದ್ದದ ಇಂಥ ಸ್ಟ್ರಿಪ್ಪಿಗೆ ಅದು ಸಹಜ. 19 ಮತ್ತು 20 ಒಂದರಿಂದ ಕೆಲವು ಓಮುಗಳ ನಡುವೆ ಕುಣಿಯುತ್ತಿದ್ದವು. 18 ಒಮ್ಮೊಮ್ಮೆ ಪೂರ್ತಿ ತೆರೆದುಕೊಳ್ಳುತ್ತಿತ್ತು. ಮಾತು ಕೆಲವೊಮ್ಮೆ ಕರಕರದಲ್ಲಿ ಮುಳುಗುತ್ತಿದ್ದದ್ದು ಗ್ರೌಂಡಿನಿಂದ, ಕೆಲವೊಮ್ಮೆ ಪೂರ್ತಿ ನಿಲ್ಲುತ್ತಿದ್ದದ್ದು 18ರಿಂದ. ಲಾಕಿನ ಎಡತುದಿಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಒತ್ತಿದೊಡನೆ ಮೂರೂ ಸ್ಥಿರವಾದವು.

ಮಾಡಿದ ರಿಪೇರಿ

ಮುರಿದ ಕಿವಿಯ ಲಾಕನ್ನು ಅಂಟು ಹಾಕಿ ಕೂರಿಸುವುದು, ಮೇಲೆ ಟೇಪ್ ಒತ್ತುವುದು, ಇವೆರಡೂ ನಡೆಯುತ್ತವೆ. ಎರಡೂ ಬೇಡ. ಅಂಟು ಸ್ಪ್ರಿಂಗ್ ಕಾಲುಗಳ ನಡುವೆ ಹರಿದರೆ ಕಥೆ ಮುಗಿದಂತೆ. ಬೆಸುಗೆ ಕರಗಿಸುವ ಬಿಸಿಗಾಳಿ ಯಂತ್ರದಲ್ಲಿ (ಹಾಟ್ ಏರ್) ಹಳೆಯ ಕನೆಕ್ಟರ್ ತೆಗೆದು ಹೊಸದನ್ನು ಕೂರಿಸಿದೆ. ಆರಿಸುವಾಗ ನೋಡಬೇಕಾದದ್ದು ಪಿನ್ನಿನ ಸಂಖ್ಯೆ ಮತ್ತು ಅಂತರ ಮಾತ್ರವಲ್ಲ. ಸಂಪರ್ಕ ಕಾಲುಗಳು ಕೆಳಗಿವೆಯೋ ಮೇಲಿವೆಯೋ, ಎತ್ತರ ಎಷ್ಟು, ಸ್ಟ್ರಿಪ್ಪಿನ ಎರಡು ತುದಿಯ ತೆರೆದ ಬೆರಳುಗಳು ಒಂದೇ ಬದಿಗಿವೆಯೋ ಎದುರುಬದುರೋ ಎಂಬುದೂ ಹೊಂದಬೇಕು. ಕೊನೆಯದು ತಪ್ಪಿದರೆ ಸ್ಟ್ರಿಪ್ ಚೆಂದವಾಗಿ ಕೂರುತ್ತದೆ, ಒಂದು ಎಳೆಯೂ ತಾಗುವುದಿಲ್ಲ. ಬಂಗಾರ ಲೇಪದ ಸ್ಟ್ರಿಪ್ ಮತ್ತು ಬಂಗಾರ ಲೇಪದ ಕನೆಕ್ಟರನ್ನೇ ಜೋಡಿ ಮಾಡಿದೆ. ಒಂದು ಕಡೆ ತವರ, ಇನ್ನೊಂದು ಕಡೆ ಬಂಗಾರ ಹಾಕಿದರೆ ಬಂಗಾರದ ಪ್ರಯೋಜನ ಸಿಗುವುದಿಲ್ಲ. ತವರ ಅದರ ಮೇಲೆ ಸವರಿಕೊಂಡು ಅಲ್ಲೇ ಆಕ್ಸೈಡ್ ಕಟ್ಟುತ್ತದೆ.

ಸ್ವಚ್ಛ ಮಾಡುವುದರಲ್ಲೂ ಕ್ರಮ ಮುಖ್ಯ. ಎಲ್ಲರೂ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಎತ್ತಿಕೊಳ್ಳುತ್ತಾರೆ. ಉಪ್ಪು ಅದರಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ, ಹಾಗಾಗಿ ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ನೀರನ್ನು ಓಡಿಸಲು ಆಲ್ಕೋಹಾಲ್, ಆಮೇಲೆ ಹದವಾದ ಬಿಸಿಗಾಳಿ. ಸ್ಟ್ರಿಪ್ಪಿನ ಬೆರಳುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಕಪ್ಪು ಹೋಗಿ ಹೊಳಪು ಬರುತ್ತದೆ ನಿಜ. ಜೊತೆಗೆ ಮೈಕ್ರಾನ್‌ಗಿಂತಲೂ ತೆಳುವಾದ ಬಂಗಾರವಿದ್ದರೆ ಅದೂ ಹೋಗುತ್ತದೆ. ಕೆಳಗಿನ ನಿಕ್ಕಲ್, ತಾಮ್ರ ಕಾಣಿಸಿಕೊಂಡ ಮೇಲೆ ಕರಾವಳಿಯ ಗಾಳಿಯಲ್ಲಿ ಅದು ಉಳಿಯುವುದು ಸ್ವಲ್ಪವೇ ಕಾಲ.

ಹೊಸ ಫೋಮ್ ತುಂಡು ಕತ್ತರಿಸಿ ಲಾಕಿನ ಮೇಲೆ ಅಂಟಿಸಿದೆ. ಗ್ಯಾಸ್ಕೆಟ್ ಬದಲಿಸಿ, ತೋಡನ್ನು ಒರೆಸಿ, ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಿ, ಸ್ಕ್ರೂಗಳನ್ನು ಎದುರುಬದುರು ಮೂಲೆಗಳಿಂದ ಸ್ವಲ್ಪಸ್ವಲ್ಪವೇ ಬಿಗಿದೆ. ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಹಿಡಿದಾಗ ಗುಳ್ಳೆ ಬರಲಿಲ್ಲ.

ಕೊನೆಯ ಪರೀಕ್ಷೆಯಲ್ಲಿ ಸೆಟ್ಟನ್ನು ಡಮ್ಮಿ ಲೋಡಿನ ಮೇಲೆ 5 ವಾಟಿನಲ್ಲಿ ಪ್ರಸಾರಕ್ಕಿಟ್ಟು, ಹಿಂಬೆಳಕು ಹಾಕಿ, ಮಾತಾಡದೆ ಡೀವಿಯೇಷನ್ ನೋಡುತ್ತಾ ಕವಚದ ಪ್ರತಿ ಮೂಲೆಯನ್ನು ಒತ್ತಿದೆ, ತಿರುಚಿದೆ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದೆ. ಮುಳ್ಳು ಅಲುಗಲಿಲ್ಲ. ಮಾತಾಡಿದಾಗ ಏರಿತು, ±5ರೊಳಗೇ ನಿಂತಿತು. ತಾಂಡೇಲರು ಬಂದಾಗ ಅವರ ಕೈಗೇ ಕೊಟ್ಟು, ಚಾನೆಲ್ 16 ಬಿಟ್ಟು ಬೇರೆ ಚಾನೆಲಿನಲ್ಲಿ, ಅಂಗಡಿಯ ಇನ್ನೊಂದು ಸೆಟ್ಟಿನ ಜೊತೆ ಮಾತಾಡಿಸಿದೆ. ಹೆಬ್ಬೆರಳು ರೂಢಿಯಂತೆ ಅದೇ ಮೂಲೆಗೆ ಹೋಗಿತ್ತು. "ಬೆರಳು ತೆಗೀರಿ ತಾಂಡೇಲರೇ" ಎಂದೆ. ತೆಗೆದು ಮಾತಾಡಿದರು, ಕೇಳಿಸಿತು.

ಕಡಲಿನಿಂದ ಬಂದಾಗಲೆಲ್ಲ ಸೆಟ್ಟನ್ನು ಸಿಹಿನೀರಿನಲ್ಲಿ ತೊಳೆದು ಒರೆಸಲು, ಮಳೆಗಾಲದಲ್ಲಿ ಬ್ಯಾಟರಿ ಬೇರ್ಪಡಿಸಿ ಒಣ ಡಬ್ಬಿಯಲ್ಲಿಡಲು ಹೇಳಿ ಕಳಿಸಿದೆ. ಮುಂದಿನ ಬೋರ್ಡಿನ ಕನೆಕ್ಟರನ್ನು ನಾನು ಬದಲಿಸಿಲ್ಲ. ಅದರ ಲಾಕ್ ಗಟ್ಟಿಯಾಗಿತ್ತು, ಕಾಲುಗಳು ಸ್ವಚ್ಛವಾಗಿದ್ದವು, ಡಿಸ್‌ಪ್ಲೇಗೆ ತೀರ ಹತ್ತಿರವಿದ್ದ ಕಾರಣ ಅಲ್ಲಿ ಹಾಟ್ ಏರ್ ಹಿಡಿಯುವ ಅಪಾಯ ಬೇಡವೆನಿಸಿತು. ಗ್ರೌಂಡ್ ಎಳೆಗಳ ಈಗಿನ ಅಳತೆ, ಎರಡೂ ತುದಿಯ ಸಂಪರ್ಕ ಸೇರಿ, 0.12 ಓಮ್. ಅದನ್ನು ಜಾಬ್ ಕಾರ್ಡಿನಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಜೂನಿನಲ್ಲಿ ಬೋಟು ದಡಕ್ಕೆ ಬಂದಾಗ ಸೆಟ್ ತರಿಸಿಕೊಂಡು ಅದೇ ಮೀಟರಿನಲ್ಲಿ ಮತ್ತೆ ಅಳೆಯುವುದಿದೆ.